ಕನ್ನಡಕ ತೆಗೆಸುವ ಲೇಸರ್: ಹೂಂ ಅನ್ನುವ ಮೊದಲು

ಮನೆಯಲ್ಲಿ ಹಳೆಯ ಕನ್ನಡಕದ ಚೀಟಿಗಳಿದ್ದರೆ ಮೊದಲು ಅವನ್ನು ಹುಡುಕಿ ತೆಗೆಯಿರಿ. ಲೇಸರ್ ಮಾಡಿಸಿಕೊಳ್ಳಬೇಕೋ ಬೇಡವೋ ಎಂಬ ವಿಚಾರ ಶುರುವಾಗುವುದು ಅಲ್ಲಿಂದಲೇ. ಎರಡು ವರ್ಷದ ಹಿಂದೆ ಮೈನಸ್ 4, ಕಳೆದ ವರ್ಷ ಮೈನಸ್ 4.75, ಈಗ ಮೈನಸ್ 5.5 ಎಂದು ಬರೆದಿದ್ದರೆ ನಿಮ್ಮ ಪವರ್ ಇನ್ನೂ ಒಂದು ಕಡೆ ನಿಂತಿಲ್ಲ. ಇವತ್ತು ಲೇಸರ್‌ನಿಂದ ಸೊನ್ನೆಗೆ ತಂದರೂ ಎರಡು ವರ್ಷಕ್ಕೆ ಮತ್ತೆ ಕನ್ನಡಕದ ಅಂಗಡಿಗೆ ಹೋಗಬೇಕಾದೀತು. ಕನಿಷ್ಠ ಒಂದು ವರ್ಷದಿಂದ ಪವರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. ವಯಸ್ಸು 18 ದಾಟಿರಬೇಕು ಎಂಬುದು ನಿಯಮ. ಆದರೆ ಕಾಲೇಜಿನಲ್ಲಿ ಓದುತ್ತಾ, ದಿನವಿಡೀ ಪುಸ್ತಕ, ಪರದೆ ನೋಡುವ ಎಷ್ಟೋ ಮಕ್ಕಳಿಗೆ 21-22ರವರೆಗೂ ಪವರ್ ಏರುತ್ತದೆ. ಅಂಥವರು ಕಾಯುವುದೇ ಲೇಸು. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರೂ ಕಾಯಬೇಕು. ಆ ಕಾಲದಲ್ಲಿ ಹಾರ್ಮೋನಿನ ಏರಿಳಿತದಿಂದ ಪವರ್ ತಾನಾಗಿ ಆಚೀಚೆ ಆಗುತ್ತದೆ.

ಎರಡನೆಯದಾಗಿ, ಯಾಕೆ ಬೇಕು ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಮೂಗಿನ ಮೇಲೆ ಗಾಯವಾಗುತ್ತದೆ, ಮಳೆಯಲ್ಲಿ ಬೈಕ್ ಓಡಿಸಲಾಗುವುದಿಲ್ಲ, ಆಟ ಆಡುವಾಗ ತೊಂದರೆ, ಲೆನ್ಸ್ ಹಾಕಿದರೆ ಕಣ್ಣು ಕೆಂಪಾಗುತ್ತದೆ – ಇವೆಲ್ಲ ನ್ಯಾಯವಾದ ಕಾರಣಗಳೇ. ನಮ್ಮ ಮನೆಗಳಲ್ಲಿ ಇನ್ನೊಂದು ಕಾರಣ ಸದಾ ಕೇಳಿಬರುತ್ತದೆ: ‘ಹುಡುಗಿಗೆ ಗಂಡು ನೋಡ್ತಿದ್ದೀವಿ, ಅಷ್ಟರೊಳಗೆ ಸೋಡಾಬುಡ್ಡಿ ತೆಗೆಸಿಬಿಡೋಣ.’ ನಾನು ಎಂಟನೇ ತರಗತಿಯಿಂದ ಕನ್ನಡಕ ಹಾಕಿಕೊಂಡವಳು. ಈ ಮಾತು ನನ್ನ ಕಿವಿಗೂ ಬಿದ್ದಿದೆ, ಅದರ ನೋವು ಗೊತ್ತು. ಆದ್ದರಿಂದಲೇ ಹೇಳುತ್ತೇನೆ: ಕಣ್ಣು ಹುಡುಗಿಯದು, ಹೂಂ ಅನ್ನಬೇಕಾದವಳೂ ಅವಳೇ. ಮದುವೆಯ ದಿನ ಗೊತ್ತುಮಾಡಿ ಅದಕ್ಕೆ ಹೊಂದಿಸಿ ಆಪರೇಷನ್ ದಿನ ಹುಡುಕುವುದಂತೂ ಬೇಡ. ಅವಸರ ಇದ್ದಾಗ ‘ಬೇಡ’ ಎನ್ನುವ ಡಾಕ್ಟರು ಯಾರಿಗೂ ಹಿಡಿಸುವುದಿಲ್ಲ.

ಸೇನೆ, ಪೊಲೀಸ್, ರೈಲ್ವೆ, ವಿಮಾನಯಾನದ ಕೆಲಸಕ್ಕೆಂದು ಮಾಡಿಸಿಕೊಳ್ಳುವವರು ಮೊದಲು ಆಯಾ ಹುದ್ದೆಯ ಅಧಿಸೂಚನೆಯ ವೈದ್ಯಕೀಯ ನಿಯಮಗಳನ್ನು ಓದಬೇಕು. ಕೆಲವು ವಿಭಾಗಗಳು ಲೇಸರ್ ಆದ ಕಣ್ಣನ್ನು ಷರತ್ತಿನ ಮೇಲೆ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಮಾಡಿಸಿಕೊಂಡ ಮೇಲೆ ಗೊತ್ತಾದರೆ ಹಿಂದಕ್ಕೆ ಹೋಗಲು ದಾರಿಯಿಲ್ಲ.

ತಪಾಸಣೆಗೆ ಹೋಗುವ ಮುನ್ನ

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ಬಿಟ್ಟು ಹೋಗಬೇಕು. ಮೆದು ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು-ನಾಲ್ಕು ವಾರ. ಲೆನ್ಸ್ ಕೂತು ಕೂತು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರ, ತನ್ನ ಆಕಾರವನ್ನು ಸ್ವಲ್ಪ ಬದಲಿಸಿಕೊಂಡಿರುತ್ತದೆ. ಅದು ಸ್ವಸ್ಥಾನಕ್ಕೆ ಬರುವ ಮುಂಚೆ ತೆಗೆದ ಅಳತೆ ತಪ್ಪಾಗುತ್ತದೆ. ನಾನು ಮೊದಲು ಹೋದ ಕಡೆ ಈ ಮಾತು ಯಾರೂ ಕೇಳಲಿಲ್ಲ. ಬೆಳಿಗ್ಗೆಯಷ್ಟೇ ಲೆನ್ಸ್ ತೆಗೆದು ಹೋಗಿದ್ದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಸಿ, ‘ಶನಿವಾರ ಬನ್ನಿ, ಮಾಡಿಬಿಡೋಣ, ಈ ತಿಂಗಳು ರಿಯಾಯಿತಿ ಇದೆ’ ಎಂದರು. ಎರಡನೇ ಕಡೆಯ ಡಾಕ್ಟರು ‘ಎರಡು ವಾರ ಲೆನ್ಸ್ ಮುಟ್ಟಬೇಡಮ್ಮ, ಆಮೇಲೆ ಬಾ’ ಎಂದು ವಾಪಸ್ ಕಳಿಸಿದರು. ಆ ವಾಪಸ್ ಕಳಿಸಿದ್ದೇ ನನ್ನ ಕಣ್ಣನ್ನು ಕಾಪಾಡಿತು.

ತಪಾಸಣೆಯ ದಿನ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಪಾಪೆ ಹಿಗ್ಗಿಸಲು ಡ್ರಾಪ್ಸ್ ಹಾಕುತ್ತಾರೆ. ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಚುಚ್ಚುತ್ತದೆ, ಗಾಡಿ ಓಡಿಸುವಂತಿಲ್ಲ.

ಪರೀಕ್ಷೆಗಳಲ್ಲಿ ಯಾವುದನ್ನೂ ಬಿಟ್ಟಿಲ್ಲವೆಂದು ನೋಡಿಕೊಳ್ಳಿ. ಕಾರ್ನಿಯಾದ ದಪ್ಪ, ಅದರ ಉಬ್ಬುತಗ್ಗಿನ ನಕ್ಷೆ, ಕತ್ತಲಲ್ಲಿ ಪಾಪೆಯ ಅಗಲ, ಕಣ್ಣೀರಿನ ಪ್ರಮಾಣ, ಡ್ರಾಪ್ಸ್ ಹಾಕಿ ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರದ, ಅಂಚಿನವರೆಗಿನ ಪರೀಕ್ಷೆ. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಚ್ಚು ಮೈನಸ್ ಇರುವವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ರೆಟಿನಾ ಎಳೆದು ತೆಳ್ಳಗಾಗಿರುತ್ತದೆ. ಲೇಸರ್ ಸರಿಮಾಡುವುದು ಮುಂದಿನ ಕಾರ್ನಿಯಾವನ್ನು ಮಾತ್ರ. ಕನ್ನಡಕ ಹೋದ ಮೇಲೂ ರೆಟಿನಾ ಕಳಚುವ ಅಪಾಯ ಹಾಗೆಯೇ ಉಳಿಯುತ್ತದೆ, ವರ್ಷಕ್ಕೊಮ್ಮೆ ತೋರಿಸುತ್ತಲೇ ಇರಬೇಕು.

ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ, ಸಂಧಿವಾತದಂಥ ರೋಗನಿರೋಧಕ ವ್ಯವಸ್ಥೆಯ ಕಾಯಿಲೆಯಿದ್ದರೆ, ಹಿಂದೆ ಕಣ್ಣಿಗೆ ಹರ್ಪಿಸ್ ಸೋಂಕು ಬಂದಿದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಇನ್ನೊಂದು: ನೀವು ಕಣ್ಣು ಉಜ್ಜುತ್ತೀರಾ? ಅಲರ್ಜಿಯಿಂದ ತುರಿಕೆ ಬಂದು ಮುಷ್ಟಿಯಲ್ಲಿ ಗಸಗಸ ಉಜ್ಜುವವರಲ್ಲಿ, ಮನೆತನದಲ್ಲಿ ಯಾರಿಗಾದರೂ ಇದ್ದವರಲ್ಲಿ, ಕೆರಟೋಕೋನಸ್ ಎಂಬ ತೊಂದರೆ ಹೆಚ್ಚು. ಕಾರ್ನಿಯಾ ತೆಳ್ಳಗಾಗುತ್ತಾ ಗೋಪುರದ ಹಾಗೆ ಮುಂದಕ್ಕೆ ಉಬ್ಬುತ್ತದೆ. ಶುರುವಿನಲ್ಲಿ ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಓರೆ ಬಾಗಿಗೆ ಕೊಡುವ ಪವರ್, ಏರುವುದು ಬಿಟ್ಟರೆ ನಮಗೆ ಬೇರೆ ಸುಳಿವು ಅಷ್ಟಾಗಿ ಸಿಗುವುದಿಲ್ಲ. ಇಂಥ ಕಣ್ಣಿಗೆ ಲೇಸಿಕ್ ಎಂಬ ಬಗೆಯ ಲೇಸರ್ ಮಾಡಿದರೆ ಇದ್ದ ಬಲವೂ ಹೋಗಿ ದೃಷ್ಟಿ ಕೆಡುತ್ತಾ ಹೋಗುತ್ತದೆ. ನಕ್ಷೆಯಲ್ಲಿ ಸಣ್ಣ ಅನುಮಾನ ಕಂಡರೂ ಒಳ್ಳೆಯ ಸರ್ಜನ್ ಕೈ ಹಾಕುವುದಿಲ್ಲ.

ಲೆಕ್ಕ ನೀವೇ ಹಾಕಿ ನೋಡಿ

ವರದಿ ಕೈಗೆ ಬಂದ ಮೇಲೆ ಒಂದು ಕಾಗದ ತೆಗೆದುಕೊಳ್ಳಿ. ಕಾರ್ನಿಯಾದ ನಡುವಿನ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರ್ ಚಿಲ್ಲರೆ. ಲೇಸಿಕ್‌ನಲ್ಲಿ ಮೊದಲು ಮೇಲಿನ ಸುಮಾರು 110 ಮೈಕ್ರಾನ್ ಪದರವನ್ನು ಪುಸ್ತಕದ ಹಾಳೆಯಂತೆ ಮಗುಚುತ್ತಾರೆ. ಇದಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ಆಮೇಲೆ ಒಂದು ಮೈನಸ್ ಪವರ್ ಇಳಿಸಲು ಸರಿಸುಮಾರು 12ರಿಂದ 16 ಮೈಕ್ರಾನ್ ಸವೆಸಬೇಕು. 15 ಎಂದು ಹಿಡಿಯಿರಿ. ಮೈನಸ್ 4 ಇದ್ದವರಿಗೆ 60 ಮೈಕ್ರಾನ್. 540ರಲ್ಲಿ 110 ಮತ್ತು 60 ಕಳೆದರೆ ಉಳಿಯುವುದು 370. ಆರಾಮ.

ನನ್ನ ಲೆಕ್ಕ ಬೇರೆ. ದಪ್ಪ 485, ಪವರ್ ಮೈನಸ್ 7.5. ಸವೆಯುವುದು 112ರಷ್ಟು. ಫ್ಲ್ಯಾಪ್ ಕಳೆದು ಉಳಿಯುವುದು ಸುಮಾರು 263. ಕೆಳಗೆ 250 ಮೈಕ್ರಾನ್ ಆದರೂ ಉಳಿಯಲೇಬೇಕೆಂಬುದು ಹಳೆಯ ಗೆರೆ. ಇಂದು ಅನೇಕ ಸರ್ಜನ್ನರು 280-300 ಇಲ್ಲದೆ ಒಪ್ಪುವುದಿಲ್ಲ. ಮೇಲಾಗಿ ನನ್ನ ಎಡಗಣ್ಣಿನ ನಕ್ಷೆಯಲ್ಲಿ ಕಾರ್ನಿಯಾದ ಕೆಳಭಾಗದ ಉಬ್ಬು ಹೆಚ್ಚು ಕಡಿದಾಗಿತ್ತು, ಕೆರಟೋಕೋನಸ್ ಅನುಮಾನಕ್ಕೆ ಎಡೆಯಿತ್ತು. ಮೊದಲ ಆಸ್ಪತ್ರೆಯವರಿಗೆ ‘250ಕ್ಕಿಂತ ಜಾಸ್ತಿ ಇದೆ’ ಎಂಬುದೇ ಸಾಕಾಗಿತ್ತು. ಎರಡನೆಯ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ, ಕೆಂಪು ಬಣ್ಣದ ಜಾಗ ತೋರಿಸಿ, ‘ಇದಕ್ಕೆ ನಾನು ಲೇಸರ್ ಮಾಡುವುದಿಲ್ಲ’ ಎಂದರು. ಇವತ್ತಿಗೂ ಕನ್ನಡಕದಲ್ಲೇ ಇದ್ದೇನೆ, ಚೆನ್ನಾಗಿ ಕಾಣುತ್ತದೆ.

ಹಾಗಾಗಿ ಅನುಮಾನವಿದ್ದಲ್ಲಿ ಎರಡನೇ ಅಭಿಪ್ರಾಯ ಕೇಳಿ. ಸಾಧ್ಯವಾದರೆ ಲೇಸರ್ ಯಂತ್ರವೇ ಇಲ್ಲದ, ಕಾರ್ನಿಯಾ ಬಲ್ಲ ವೈದ್ಯರನ್ನು ಕೇಳಿ. ಮಾರಾಟದ ಒತ್ತಡ ಅಲ್ಲಿರುವುದಿಲ್ಲ. ಸ್ಕ್ಯಾನ್ ಪ್ರತಿ ಕೇಳಿ ಪಡೆಯುವುದು ನಿಮ್ಮ ಹಕ್ಕು.

ಯಾವ ಬಗೆ?

ಈ ಲೇಸರ್‌ನ ಹಿಂದೆ ಮದ್ರಾಸಿನಲ್ಲಿ ಹುಟ್ಟಿದ ವಿಜ್ಞಾನಿಯೊಬ್ಬರಿದ್ದಾರೆಂದು ಹೇಳಲು ನನಗೆ ಹೆಮ್ಮೆ. ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ 193 ನ್ಯಾನೊಮೀಟರ್‌ನ ಎಕ್ಸೈಮರ್ ಲೇಸರ್ ಹಾಯಿಸಿದರು. ಸುತ್ತಲಿನ ಭಾಗ ಸುಡದೆ, ಕರಕಲಾಗದೆ, ಚೊಕ್ಕವಾದ ಗೆರೆ ಬಿತ್ತು. ಕಣ್ಣಿನ ಮೇಲೆ ಬಳಸಬಹುದಾದ ಲೇಸರ್ ಸಿಕ್ಕಿದ್ದು ಹಾಗೆ.

ಅದನ್ನು ಕಾರ್ನಿಯಾದ ಮೇಲೆ ನೇರವಾಗಿ ಬಳಸುವುದು ಪಿಆರ್‌ಕೆ. ಮೇಲಿನ ಸಿಪ್ಪೆಯನ್ನಷ್ಟೇ ತೆಗೆಯುತ್ತಾರೆ, ಫ್ಲ್ಯಾಪ್ ಇಲ್ಲ. ಮೂರು-ನಾಲ್ಕು ದಿನ ನೋವು, ಉರಿ, ನೀರು ಸುರಿಯುವುದು. ನೋಟ ತಿಳಿಯಾಗಲು ವಾರಗಳು ಬೇಕು. ಆದರೆ ಕಾರ್ನಿಯಾ ಸ್ವಲ್ಪ ತೆಳುವಾಗಿದ್ದವರಿಗೆ, ಕಬಡ್ಡಿ, ಕುಸ್ತಿ, ಬಾಕ್ಸಿಂಗ್ ಆಡುವವರಿಗೆ ಇದು ಮೇಲು. ಏಕೆಂದರೆ ಲೇಸಿಕ್‌ನ ಫ್ಲ್ಯಾಪ್ ವರ್ಷಗಳ ನಂತರವೂ ಬಲವಾದ ಪೆಟ್ಟಿಗೆ ಜರುಗಬಹುದು. ಲೇಸಿಕ್‌ನಲ್ಲಿ ಮರುದಿನವೇ ಬಹುತೇಕ ಸ್ಪಷ್ಟ ನೋಟ. ‘ಬ್ಲೇಡ್‌ಲೆಸ್’ ಎಂಬ ಜಾಹೀರಾತಿನ ಮಾತಿಗೆ ಅರ್ಥ ಇಷ್ಟೇ: ಫ್ಲ್ಯಾಪನ್ನೂ ಲೇಸರ್‌ನಿಂದಲೇ ಕತ್ತರಿಸುತ್ತಾರೆ. ಸ್ಮೈಲ್ ವಿಧಾನದಲ್ಲಿ ಕಾರ್ನಿಯಾದೊಳಗೆ ತೆಳು ಬಿಲ್ಲೆಯೊಂದನ್ನು ಲೇಸರ್‌ನಿಂದ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನಿಂದ ಹೊರಗೆಳೆಯುತ್ತಾರೆ. ಪವರ್ ತುಂಬ ಹೆಚ್ಚಿದ್ದು ಕಾರ್ನಿಯಾ ಸಾಲದವರಿಗೆ ಐಸಿಎಲ್ ಎಂಬ ಲೆನ್ಸನ್ನು ಕಣ್ಣಿನೊಳಗೇ ಕೂರಿಸುವ ದಾರಿಯೂ ಇದೆ. ಅದು ಕಣ್ಣಿನ ಒಳಗಿನ ಆಪರೇಷನ್, ದುಬಾರಿ, ಅದರ ಅಪಾಯಗಳೂ ಬೇರೆ.

ಆಮೇಲೆ ಏನಾಗುತ್ತದೆ

ಆಪರೇಷನ್ ಸುಲಭವೇ. ಇಂಜೆಕ್ಷನ್ ಇಲ್ಲ, ಮರಗಟ್ಟಿಸುವ ಡ್ರಾಪ್ಸ್ ಸಾಕು, ಲೇಸರ್ ಬೀಳುವುದು ಒಂದು ಕಣ್ಣಿಗೆ ಸಾಮಾನ್ಯವಾಗಿ ನಿಮಿಷದೊಳಗೆ. ನಂತರ ಕೆಲವು ದಿನ ಕಣ್ಣು ಉಜ್ಜುವಂತಿಲ್ಲ, ತಲೆಸ್ನಾನ, ಕಾಡಿಗೆ, ಈಜು ಇಲ್ಲ. ಎಷ್ಟು ದಿನ ಎಂಬುದನ್ನು ನಿಮ್ಮ ಡಾಕ್ಟರು ಹೇಳುತ್ತಾರೆ.

ಯೋಚಿಸಬೇಕಾದದ್ದು ಅಡ್ಡಪರಿಣಾಮಗಳ ಬಗ್ಗೆ. ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗುವುದರಿಂದ ಕಣ್ಣು ಒಣಗುತ್ತದೆ. ಹೆಚ್ಚಿನವರಲ್ಲಿ ಆರು ತಿಂಗಳು, ವರ್ಷದೊಳಗೆ ಸರಿಹೋಗುತ್ತದೆ, ಕೆಲವರಲ್ಲಿ ಉಳಿಯುತ್ತದೆ. ಎಸಿ ಕೋಣೆಯಲ್ಲಿ ಹತ್ತು ಗಂಟೆ ಕಂಪ್ಯೂಟರ್ ನೋಡುವ ಕಣ್ಣು ಮೊದಲೇ ಒಣಗಿದ್ದರೆ, ಅದನ್ನು ವಾಸಿಮಾಡಿಕೊಂಡ ಮೇಲೆ ಲೇಸರ್ ವಿಚಾರ. ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದು, ಬೆಳಕು ಕೆದರುವುದು ಇನ್ನೊಂದು. ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಿಸುವ ಸಂಸ್ಥೆ ಎಫ್‌ಡಿಎ ನಡೆಸಿದ ಅಧ್ಯಯನದಲ್ಲಿ, ಮೊದಲು ಇಂಥ ತೊಂದರೆಯೇ ಇಲ್ಲದವರಲ್ಲಿ ಶೇ 46ರವರೆಗೆ ಜನ ಮೂರು ತಿಂಗಳ ನಂತರ ಇಂಥದ್ದೊಂದು ಲಕ್ಷಣವಾದರೂ ಇದೆ ಎಂದರು. ಒಣಕಣ್ಣಿನ ಲಕ್ಷಣ ಹೊಸದಾಗಿ ಬಂದವರು ಶೇ 28ರವರೆಗೆ. ಅದೇ ಅಧ್ಯಯನದಲ್ಲಿ, ನೋಟದ ತೊಂದರೆಯಿಂದ ದಿನದ ಕೆಲಸಕ್ಕೆ ಬಹಳ ಅಡ್ಡಿಯಾಗಿದೆ ಎಂದವರು ಶೇ 1ಕ್ಕಿಂತ ಕಡಿಮೆ. ಎರಡು ಮಾತನ್ನೂ ಒಟ್ಟಿಗೆ ಓದಬೇಕು. ಆದರೆ ರಾತ್ರಿ ಹೆದ್ದಾರಿಯಲ್ಲಿ ಬಸ್ಸು, ಲಾರಿ ಓಡಿಸಿ ಬದುಕುವವರು ಆ ಮೊದಲ ಅಂಕಿಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು.

ನಲವತ್ತು ಸಮೀಪಿಸಿದವರಿಗೆ ಇನ್ನೊಂದು ಮಾತು. ಚಾಳೀಸು ಲೇಸರ್‌ನಿಂದ ತಪ್ಪುವುದಿಲ್ಲ. ಮೈನಸ್ 2 ಇರುವವರು ಈಗ ಕನ್ನಡಕ ತೆಗೆದು ಪತ್ರಿಕೆ ಓದುತ್ತಾರೆ, ಸೂಜಿಗೆ ದಾರ ಪೋಣಿಸುತ್ತಾರೆ. ದೂರದ್ದನ್ನು ಸರಿಮಾಡಿಸಿಕೊಂಡರೆ ಆ ಅನುಕೂಲ ಹೋಗಿ, ಓದಲು ಹೊಸ ಕನ್ನಡಕ ಬರುತ್ತದೆ. ಪೊರೆ ಶುರುವಾಗಿದ್ದರಂತೂ ಲೇಸರ್‌ಗೆ ಅರ್ಥವೇ ಇಲ್ಲ.

ಖರ್ಚು ಕೇಳುವಾಗ ಎರಡೂ ಕಣ್ಣಿಗೆ, ಔಷಧ ಮತ್ತು ಮುಂದಿನ ಭೇಟಿಗಳು ಸೇರಿ, ಪವರ್ ಉಳಿದರೆ ಮತ್ತೆ ಮಾಡುವುದು ಸೇರಿ ಎಷ್ಟು ಎಂದು ಬರಹದಲ್ಲಿ ಕೇಳಿ. ನಮ್ಮಲ್ಲಿ 7.5ಕ್ಕಿಂತ ಕಡಿಮೆ ಪವರ್ ಇರುವವರಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ಈ ಖರ್ಚು ಕೊಡುವುದಿಲ್ಲ. ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಅದು ಬರೆದಿರುತ್ತದೆ. ಕಣ್ಣು ಪರೀಕ್ಷಿಸುವವರು, ಆಪರೇಷನ್ ಮಾಡುವವರು, ಆಮೇಲೆ ತೊಂದರೆಯಾದರೆ ನೋಡುವವರು ಒಬ್ಬರೇನಾ ಎಂದೂ ಕೇಳಿ.

ಮಾಡಿಸಿಕೊಂಡಿರೋ, ಆ ಕಡತವನ್ನು ಎಸೆಯಬೇಡಿ. ಆಪರೇಷನ್‌ಗೆ ಮುಂಚಿನ ಪವರ್, ಕಾರ್ನಿಯಾದ ಬಾಗಿನ ಅಳತೆ, ದಪ್ಪ, ಎಷ್ಟು ಮೈಕ್ರಾನ್ ತೆಗೆದರು ಎಂಬ ವಿವರ ಎಲ್ಲವನ್ನೂ ಜೋಪಾನ ಮಾಡಿ. ಅರವತ್ತರ ಸುಮಾರಿಗೆ ಪೊರೆ ತೆಗೆಸುವಾಗ ಒಳಗೆ ಕೂರಿಸುವ ಲೆನ್ಸಿನ ಪವರ್ ಲೆಕ್ಕ, ಲೇಸರ್ ಆದ ಕಣ್ಣಿನಲ್ಲಿ ಸುಲಭವಾಗಿ ತಪ್ಪುತ್ತದೆ. ಅಂದು ನಿಮ್ಮ ಡಾಕ್ಟರಿಗೆ ಈ ಹಳೆಯ ಅಂಕಿಗಳು ಬೇಕಾಗುತ್ತವೆ. ಒಂದು ಪ್ರತಿ ಫೋನಿನಲ್ಲಿರಲಿ, ಇನ್ನೊಂದು ಮನೆಪತ್ರ ಇಡುವ ಬೀರುವಿನಲ್ಲಿ.