ಮೈಕ್ರೋವೇವ್ ಡಯೋಡ್ ಆರಿಸುವ ಮುನ್ನ ಹಿಮ್ಮುಖ ವೋಲ್ಟೇಜ್ ಲೆಕ್ಕಹಾಕಿ

ಮೈಕ್ರೋವೇವ್ ಸಂಕೇತವನ್ನು ಡಿಸಿಯಾಗಿ ಪರಿವರ್ತಿಸುವ ರೆಕ್ಟಿಫೈಯರ್ ಕಟ್ಟುವ ಸದಸ್ಯರು, ಷಾಟ್ಕಿ ಡಯೋಡ್ (ಲೋಹ ಮತ್ತು ಅರೆವಾಹಕದ ಸಂಧಿಯಿರುವ ವೇಗದ ಡಯೋಡ್) ಆರಿಸುವಾಗ ಅದರ ಬ್ರೇಕ್‌ಡೌನ್ ವೋಲ್ಟೇಜನ್ನು, ಅಂದರೆ ಅದು ಹಿಮ್ಮುಖ ದಿಕ್ಕಿನಲ್ಲಿ ತಡೆಯಬಲ್ಲ ವೋಲ್ಟೇಜಿನ ಮಿತಿಯನ್ನು, ಎಲ್ಲಕ್ಕಿಂತ ಮೊದಲು ನೋಡಬೇಕೆಂದು ಕೋರುತ್ತೇನೆ. ಹೆಚ್ಚಿನ ಆವರ್ತನದಲ್ಲಿ ನಷ್ಟ ಕಡಿಮೆಯಾಗಲೆಂದು ಈ ಡಯೋಡ್‌ಗಳ ಎಪಿಟ್ಯಾಕ್ಸಿಯಲ್ ಪದರವನ್ನು (ತಳದ ಹರಳಿನ ಮೇಲೆ ಬೆಳೆಸುವ ಅರೆವಾಹಕ ಪದರ) ತೀರ ತೆಳುವಾಗಿ ಬೆಳೆಸಿರುತ್ತಾರೆ. ಆದ್ದರಿಂದಲೇ ಎಚ್‌ಎಸ್‌ಎಂಎಸ್-2850 ಎಂಬ ಷಾಟ್ಕಿ ಡಯೋಡ್ ಮಾದರಿಯ ಬ್ರೇಕ್‌ಡೌನ್ ಕೇವಲ 3.8 ವೋಲ್ಟ್, 2860ರದು 7 ವೋಲ್ಟ್, 2820ರದು 15 ವೋಲ್ಟ್.

ಹಲವರು ಔಟ್‌ಪುಟ್‌ನ ಡಿಸಿ ವೋಲ್ಟೇಜನ್ನು ಮಾತ್ರ ಈ ಮಿತಿಯೊಂದಿಗೆ ಹೋಲಿಸುತ್ತಾರೆ. ಆದರೆ ಆ ಡಿಸಿಯ ಮೇಲೆ ಆರ್‌ಎಫ್ (ರೇಡಿಯೊ ಆವರ್ತನದ) ಅಲೆಯ ಶಿಖರವೂ ಸೇರಿಕೊಳ್ಳುವುದರಿಂದ, ಒಂಟಿ ಡಯೋಡ್ ಸರ್ಕ್ಯೂಟ್‌ನಲ್ಲಿ ಹಿಮ್ಮುಖ ವೋಲ್ಟೇಜ್ ಡಿಸಿಯ ಸುಮಾರು ಎರಡರಷ್ಟಾಗುತ್ತದೆ. ಹೀಗಾಗಿ 7 ವೋಲ್ಟ್ ಡಯೋಡ್‌ನಿಂದ 3.5 ವೋಲ್ಟ್‌ಗಿಂತ ಹೆಚ್ಚು ಡಿಸಿ ನಿರೀಕ್ಷಿಸಬಾರದು. 1000 ಓಮ್ ಲೋಡ್‌ನಲ್ಲಿ ಅದು ಸುಮಾರು 12 ಮಿಲಿವ್ಯಾಟ್ ಅಷ್ಟೇ. ಡೇಟಾಶೀಟ್‌ನಲ್ಲಿ ಗರಿಷ್ಠ ಹಿಮ್ಮುಖ ವೋಲ್ಟೇಜ್ ಎಂದು ಇನ್ನೂ ಕಡಿಮೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ದಯವಿಟ್ಟು ಲೋಡ್ ಕಳಚಿಟ್ಟು ಪೂರ್ಣ ಶಕ್ತಿ ಹರಿಸಬೇಡಿ, ಏಕೆಂದರೆ ಡಿಸಿ ಏರಿ ಡಯೋಡ್ ಬ್ರೇಕ್‌ಡೌನ್‌ಗೆ ಜಾರುವುದು ಬಹುತೇಕ ಆಗಲೇ. ಆರ್‌ಎಫ್ ಸಂಕೇತವನ್ನು ಹರಿಯಬಿಡುವ ಇಲ್ಲವೇ ತಡೆಯುವ ಪಿನ್ ಡಯೋಡ್ ಸ್ವಿಚ್‌ಗಳಲ್ಲಿಯೂ ಇದೇ ಎಚ್ಚರ ಬೇಕು: 50 ಓಮ್ ಲೈನಿನಲ್ಲಿ 10 ವ್ಯಾಟ್ ಹರಿದರೆ ಶಿಖರ ಸುಮಾರು 32 ವೋಲ್ಟ್, ಆಂಟೆನಾ ಕಳಚಿಕೊಂಡು ಶಕ್ತಿಯೆಲ್ಲ ಪ್ರತಿಫಲಿಸಿದರೆ ಅದು 63 ವೋಲ್ಟ್‌ವರೆಗೆ ಏರಬಲ್ಲದು.