ಪೊಟ್ಟಣದ ಮೇಲೆ ಹಳೇ ಕಾಲದ ದಪ್ಪಕ್ಷರ: ಪಾದಕ್ಕೆ ಪಾದ ತಾಗದಂತೆ ಜೋಡಿಸುವುದು ಹೇಗೆ?

ಕಾಫಿಪುಡಿ ಪೊಟ್ಟಣವಿರಲಿ, ಹೋಟೆಲಿನ ಬೋರ್ಡಿರಲಿ, ಹಳೇ ಕಾಲದ ಗತ್ತು ಬೇಕೆಂದರೆ ಎಲ್ಲರೂ ಕೈಹಾಕುವುದು ಸ್ಲ್ಯಾಬ್ ಸೆರಿಫ್ ಫಾಂಟಿಗೆ. ದಪ್ಪ ಗೆರೆ, ಅದರ ತುದಿಗೆ ದಪ್ಪನೆಯ ಚೌಕ ಪಾದ. ಕೆಲಸ ಕೆಡುವುದೂ ಆ ಪಾದದಲ್ಲೇ. ‘ಮಲ್ನಾಡ್’ (MALNAD) ಎಂದು ಇಂಗ್ಲಿಷ್ ಕ್ಯಾಪಿಟಲ್‌ನಲ್ಲಿ ಕೂರಿಸುವುದನ್ನೇ ನೋಡೋಣ.

1. ಗೂಗಲ್ ಫಾಂಟ್ಸ್‌ನಿಂದ ‘ಆಲ್ಫಾ ಸ್ಲ್ಯಾಬ್ ಒನ್’ ಇಳಿಸಿಕೊಳ್ಳಿ, ಉಚಿತ. ಲಂಡನ್ನಿನ ಅಚ್ಚುಮೊಳೆ ತಯಾರಕ ವಿನ್ಸೆಂಟ್ ಫಿಗಿನ್ಸ್ 1817ರ ಹೊತ್ತಿಗೆ ‘ಆಂಟಿಕ್’ ಹೆಸರಿನಲ್ಲಿ ತೋರಿಸಿದ ಜಾತಿಯ ಅಕ್ಷರ ಇದು. ಗೋಡೆಯ ಜಾಹೀರಾತು ದೂರಕ್ಕೆ ಕಾಣಲೆಂದೇ ಬೆಳೆದದ್ದು. ಸ್ವಲ್ಪ ಮೃದುವಾಗಿರಲಿ ಅನ್ನುವವರು 1845ರ ಕ್ಲಾರೆಂಡನ್ ಕಡೆ ಹೋಗಬಹುದು, ಅದರಲ್ಲಿ ಪಾದ ಕಂಬಕ್ಕೆ (ಅಕ್ಷರದ ನಿಂತ ಗೆರೆಗೆ) ಬಾಗಿ ಸೇರುತ್ತದೆ. ಪಾದವೇ ಕಂಬಕ್ಕಿಂತ ದಪ್ಪಗಿರುವ ಫ್ರೆಂಚ್ ಕ್ಲಾರೆಂಡನ್ ಮಾತ್ರ ಬೇಡ. ಕಾಫಿ ಬಿಟ್ಟು ಕೌಬಾಯ್ ನೆನಪಾಗುತ್ತಾನೆ.

2. ಟೈಪ್ ಮಾಡಿ. ಬೋಲ್ಡ್ ಗುಂಡಿ ಒತ್ತಬೇಡಿ. ಈ ಫಾಂಟಿಗಿರುವುದು ಒಂದೇ ತೂಕ, ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ಅಂಚನ್ನು ಉಬ್ಬಿಸಿ ‘ಎ’ಯ ಒಳರಂಧ್ರ ಮುಚ್ಚುತ್ತದೆ. ಜಾಗ ತುಂಬಲೆಂದು ಅಡ್ಡಕ್ಕೆ ಎಳೆಯುವುದೂ ತಪ್ಪು: ಕಂಬ ದಪ್ಪವಾಗುತ್ತದೆ, ಪಾದದ ದಪ್ಪ ಇದ್ದಷ್ಟೇ ಇರುತ್ತದೆ.

3. ಈಗ ಕರ್ನಿಂಗ್, ಅಂದರೆ ಅಕ್ಷರ ಜೋಡಿಗಳ ನಡುವಿನ ಜಾಗ ಸರಿಪಡಿಸುವುದು. ಅವಸರ ಮಾಡುವವರು ಇಲ್ಲೇ ಸೋಲುವುದು. ‘ಎಂ–ಎ’, ‘ಎ–ಎಲ್’ ಜೋಡಿಗಳಲ್ಲಿ ಕೆಳಗೆ ಪಾದಕ್ಕೆ ಪಾದ ತಾಗುತ್ತದೆ, ಮೇಲೆ ತ್ರಿಕೋನದ ಬಿಳಿ ಉಳಿಯುತ್ತದೆ. ಪಾದವಿಲ್ಲದ ಫಾಂಟಿನಲ್ಲಾದರೆ ಅಕ್ಷರವನ್ನು ಒಳಕ್ಕೆ ತಳ್ಳಬಹುದಿತ್ತು, ಇಲ್ಲಿ ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ‘ಎಲ್–ಎನ್’: ಎಲ್‌ನ ಅಡ್ಡ ತೋಳಿನ ಮೇಲೆ ದೊಡ್ಡ ಬಿಳಿ ಗುಂಡಿ. ಉಳಿದ ಜೋಡಿಗಳ ಬಿಳಿಗೂ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಮೊದಲು ಇಡೀ ಪದಕ್ಕೆ ಟ್ರ್ಯಾಕಿಂಗ್ (ಎಲ್ಲ ಅಕ್ಷರಗಳ ನಡುವೆ ಸಮನಾಗಿ ಸೇರುವ ಜಾಗ) +20 ಕೊಡಿ. ಆಮೇಲೆ ಮೂರು ಮೂರೇ ಅಕ್ಷರ ಕಾಣುವಂತೆ ಉಳಿದದ್ದನ್ನು ಕಾಗದದಿಂದ ಮುಚ್ಚಿ, ನಡುವಿನ ಅಕ್ಷರ ಯಾವ ಕಡೆಗೆ ವಾಲಿದೆ ನೋಡಿ, ಅದೇ ಅಳತೆಯ 5 ಘಟಕದಂತೆ ಸರಿಸಿ. ಓದುವ ಕಣ್ಣು ಮೋಸ ಮಾಡುತ್ತದೆ. ಪದವನ್ನು ತಲೆಕೆಳಗು ಮಾಡಿದರೆ ಬಿಳಿ ಮಾತ್ರ ಕಾಣುತ್ತದೆ. ಗುಂಡಿ ಇನ್ನೂ ಹೋಗದಿದ್ದರೆ ಅಕ್ಷರಗಳನ್ನು ತಿದ್ದಬಹುದಾದ ಆಕಾರವಾಗಿಸಲು ಔಟ್‌ಲೈನ್ ಮಾಡಿ ಎಲ್‌ನ ತೋಳನ್ನು ಹತ್ತನೇ ಒಂದು ಭಾಗ ಕತ್ತರಿಸಿ, ತುದಿಯ ಪಾದವನ್ನು ಹಾಗೇ ಹಿಂದಕ್ಕೆ ತನ್ನಿ. ಇದೇನೂ ಅಪಚಾರವಲ್ಲ: ಮರದ ಅಚ್ಚಿನ ಕಾಲದಲ್ಲಿ ಮುದ್ರಕರು ಗರಗಸ ಹಿಡಿದೇ ಅಚ್ಚಿನ ಮೂಲೆ ಕೊಯ್ಯುತ್ತಿದ್ದರು. ಇಷ್ಟು ತಾಳ್ಮೆ ಇಲ್ಲವೆಂದರೆ ಪಾದಗಳನ್ನು ಪೂರ್ತಿ ಬೆಸೆದುಬಿಡಿ. ತಾಗಿಯೂ ತಾಗದಂತೆ ಬಿಟ್ಟರೆ ಆ ಸಂದಿಯಲ್ಲಿ ಶಾಯಿ ಕಟ್ಟುತ್ತದೆ.

4. ಕನ್ನಡದ ಸಾಲಿಗೆ ಬಲೂ ತಮ್ಮ 2 ಅಥವಾ ಅನೇಕ್ ಕನ್ನಡ ಫಾಂಟ್ ಸಾಕು, ಎರಡರಲ್ಲೂ ಎಕ್ಸ್‌ಟ್ರಾ ಬೋಲ್ಡ್. ಕನ್ನಡ ಅಕ್ಷರಕ್ಕೆ ಚೌಕ ಪಾದ ಅಂಟಿಸುವವರಿದ್ದಾರೆ, ದಯವಿಟ್ಟು ಬೇಡ. ತಲೆಕಟ್ಟು ಇರುವಾಗ ಕಾಲಿಗೂ ಕಟ್ಟೆ ಯಾಕೆ? ಗೆರೆಯ ದಪ್ಪ ಹೊಂದಿದರೆ ಸಾಕು. ‘ಚಿಕ್ಕಮಗಳೂರು’ ಮೇಲಿನ ಸಾಲಿನಲ್ಲಿದ್ದರೆ ಕವೊತ್ತು ಕೆಳಗಿನ ಇಂಗ್ಲಿಷಿಗೆ ಗುದ್ದದಷ್ಟು ಜಾಗ ಬಿಡಿ.

ಹಳತಾದಂತೆ ಕಾಣಿಸಲು ಗೀರು ತುಂಬಿದ ಸಿದ್ಧ ಫಾಂಟುಗಳು ಸಿಗುತ್ತವೆ. ‘ಮಲ್ನಾಡ್’ನಲ್ಲಿ ಎರಡು ಎ ಇವೆ, ಎರಡರ ಮೇಲೂ ಒಂದೇ ಗೀರು ಬಂದರೆ ಬಣ್ಣ ಬಯಲು. ಬೇಕೇ ಬೇಕೆಂದರೆ ಇಡೀ ಪದದ ಮೇಲೆ ಒಂದೇ ಟೆಕ್ಸ್ಚರ್ ಹೊದಿಸಿ.

5. ನಿಜವಾದ ಅಳತೆಯಲ್ಲಿ, ಪೊಟ್ಟಣದ್ದೇ ಕಂದು ಕಾಗದದ ಮೇಲೆ ಒಂದು ಪ್ರತಿ ತೆಗೆಸಿ. ಈ ಕಾಗದ ಶಾಯಿ ಹೀರಿ ಹರಡಿಸುತ್ತದೆ, ಸಣ್ಣ ರಂಧ್ರ ಮೊದಲು ಮುಚ್ಚುತ್ತದೆ. ಹಾಗಾಗಿ 24 ಪಾಯಿಂಟಿಗಿಂತ ಕೆಳಗೆ ಈ ಫಾಂಟ್ ಬೇಡ. ‘250 ಗ್ರಾಂ’, ಬೆಲೆ, ವಿಳಾಸದ ಇಂಗ್ಲಿಷ್ ಭಾಗವನ್ನು ತೆಳು ಗೆರೆಯ ಸ್ಲ್ಯಾಬ್ ಫಾಂಟಾದ ರೊಕ್ಕಿಟ್ ರೆಗ್ಯುಲರ್‌ನಲ್ಲಿ ಹಾಕಿ.