ಇಂಪ್ಲಾಂಟ್ ಮಸಲ್ ಮೇಲೋ ಕೆಳಗೋ? ಡೇಟ್ ಫಿಕ್ಸ್ ಮಾಡೋ ಮುಂಚೆ ಓದಿ

ಬ್ರೆಸ್ಟ್ ಇಂಪ್ಲಾಂಟ್, ಅಂದ್ರೆ ಸ್ತನ ತುಂಬಿಕೊಂಡು ಕಾಣೋಕೆ ಒಳಗೆ ಹಾಕೋ ಚೀಲ, ಅಂದ ತಕ್ಷಣ ಎಲ್ರೂ ಕೇಳೋದು ಎಷ್ಟು ಸಿಸಿ, ಅಂದ್ರೆ ಎಷ್ಟು ದೊಡ್ಡದು ಅಂತ. ನಾನೂ ಅದನ್ನೇ ಕೇಳ್ಕೊಂಡು ಹೋಗಿದ್ದೆ. ಮೊದಲು ನೋಡಿದ ಡಾಕ್ಟರ್ ಟೇಪ್ ಕೂಡ ಹಿಡೀದೆ "ಎದೆ ಮಸಲ್ ಮೇಲೇ ಹಾಕೋಣ, ಬೇಗ ವಾಸಿ ಆಗುತ್ತೆ" ಅಂದ್ಬಿಟ್ರು. ಎರಡನೇ ಡಾಕ್ಟರ್ ಕ್ಯಾಲಿಪರ್ ತಗೊಂಡು ಎದೆ ಮೇಲ್ಭಾಗ ಚಿವುಟಿ ಹಿಡಿದು ಅಳೆದು, ನಿಮಗೆ ಮೇಲೆ ಹಾಕಿದ್ರೆ ಅಂಚು ಕಾಣುತ್ತೆ ಅಂದ್ರು. ಅವತ್ತು ನನಗೆ ಅರ್ಥ ಆಗಿದ್ದು, ಇಂಪ್ಲಾಂಟ್ ಎಲ್ಲಿ ಹಾಕ್ಬೇಕು ಅನ್ನೋದು ನಮ್ಮ ಇಷ್ಟಕ್ಕಿಂತ ಜಾಸ್ತಿ ನಮ್ಮ ಮೈಕಟ್ಟಿನ ಮೇಲೆ ನಿಂತಿದೆ.

ಈ ಚಿವುಟಿ ನೋಡೋದೇ ಪಿಂಚ್ ಟೆಸ್ಟ್. ಚರ್ಮ, ಕೊಬ್ಬು ಎಲ್ಲಾ ಸೇರಿ 2 ಸೆಂಟಿಮೀಟರ್‌ಗಿಂತ ಕಮ್ಮಿ ಸಿಕ್ರೆ ಸಾಮಾನ್ಯವಾಗಿ ಮಸಲ್ ಕೆಳಗೇ ಹಾಕ್ತಾರೆ, ಯಾಕಂದ್ರೆ ಸಣ್ಣಗಿರೋರಿಗೆ ಮೇಲೆ ಹಾಕಿದ್ರೆ ಚರ್ಮದಲ್ಲಿ ಸುಕ್ಕುಸುಕ್ಕಾಗಿ ಅಲೆ ಥರ ಕಾಣುತ್ತೆ, ಅದಕ್ಕೆ ರಿಪ್ಲಿಂಗ್ ಅಂತಾರೆ, ಉಪ್ಪುನೀರು ತುಂಬಿದ ಸಲೈನ್ ಇಂಪ್ಲಾಂಟ್‌ನಲ್ಲಿ ಇನ್ನೂ ಜಾಸ್ತಿ. ಮೈ ತುಂಬ್ಕೊಂಡಿರೋರಿಗೆ, ಸ್ವಂತ ಸ್ತನ ಸಾಕಷ್ಟು ಇರೋರಿಗೆ ಮಸಲ್ ಮೇಲೆ, ಅಂದ್ರೆ ಹಾಲಿನ ಗ್ರಂಥಿ ಹಿಂದೆ ಹಾಕಿದ್ರೂ ಚೆನ್ನಾಗೇ ಬರುತ್ತೆ, ನೋವೂ ಕಮ್ಮಿ.

ಮಸಲ್ ಕೆಳಗೆ ಹಾಕಿದ್ರೆ ಎರಡು ಲಾಭ. ಇಂಪ್ಲಾಂಟ್ ಸುತ್ತ ಬೆಳೆಯೋ ಪೊರೆ ಗಟ್ಟಿಯಾಗಿ ಬಿಗಿಯೋ ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಸಾಧ್ಯತೆ ಕಮ್ಮಿ, ಮತ್ತೆ ಮ್ಯಾಮೋಗ್ರಾಮ್‌ನಲ್ಲಿ ಗ್ರಂಥಿ ಚೆನ್ನಾಗಿ ಕಾಣುತ್ತೆ. ಎಲ್ಲೇ ಹಾಕಿಸ್ಕೊಂಡಿದ್ರೂ ಮ್ಯಾಮೋಗ್ರಾಮ್ ತೆಗೆಯೋರಿಗೆ ಇಂಪ್ಲಾಂಟ್ ಇದೆ ಅಂತ ಮೊದಲೇ ಹೇಳ್ಬೇಕು, ಅದನ್ನ ಹಿಂದಕ್ಕೆ ಸರಿಸಿ ಬೇರೆ ಪಿಕ್ಚರ್ ತೆಗೀತಾರೆ, ನಾಚ್ಕೊಂಡು ಸುಮ್ನಿರಬೇಡಿ.

ತೊಂದರೆನೂ ಹೇಳ್ಬೇಕಲ್ವಾ. ಕೈ ಜೋಡಿಸಿ ನಮಸ್ಕಾರ ಮಾಡೋ ಥರ ಅಂಗೈಗಳನ್ನ ಗಟ್ಟಿಯಾಗಿ ಒತ್ತಿ ನೋಡಿ, ಎದೆ ಮಸಲ್ ಬಿಗಿಯುತ್ತೆ. ಇಂಪ್ಲಾಂಟ್ ಅದರ ಕೆಳಗಿದ್ರೆ ಅದೂ ಮೇಲಕ್ಕೋ ಪಕ್ಕಕ್ಕೋ ಸರಿಯುತ್ತೆ. ನನಗೆ ಚಪಾತಿ ಹಿಟ್ಟು ಕಲಸುವಾಗ ಈಗಲೂ ಗೊತ್ತಾಗುತ್ತೆ. ಜಿಮ್‌ನಲ್ಲಿ ಬೆಂಚ್ ಪ್ರೆಸ್, ಪುಷ್ ಅಪ್ ಅಂತ ದಿನಾ ಮಾಡೋರು ಇದನ್ನ ಡಾಕ್ಟರ್ ಹತ್ರ ಬಾಯಿಬಿಟ್ಟು ಹೇಳ್ಲೇಬೇಕು, ಅವರು ಕೇಳ್ದೇ ಇದ್ರೂನೂ. ನೋವೂ ಜಾಸ್ತಿ, ನಾನು ಮೊದಲ ಮೂರು ದಿನ ಅಕ್ಕನ ಕೈ ಹಿಡ್ಕೊಂಡೇ ಹಾಸಿಗೆಯಿಂದ ಏಳ್ತಿದ್ದೆ.

ಈಗ ತುಂಬಾ ಜನ ಮಾಡೋದು ಡ್ಯುಯಲ್ ಪ್ಲೇನ್. 2001ರಲ್ಲಿ ಅಮೆರಿಕದ ಸರ್ಜನ್ ಜಾನ್ ಟೆಬೆಟ್ಸ್ ಇದರ ಬಗ್ಗೆ ವಿವರವಾಗಿ ಬರೆದ್ರು. ಮಸಲ್ ಪಕ್ಕೆಲುಬಿಗೆ ಅಂಟ್ಕೊಂಡಿರೋ ಕೆಳಗಿನ ಭಾಗ ಬಿಡಿಸ್ತಾರೆ, ಆಗ ಇಂಪ್ಲಾಂಟ್‌ನ ಮೇಲರ್ಧ ಮಸಲ್ ಕೆಳಗೆ, ಕೆಳಗರ್ಧ ಗ್ರಂಥಿ ಕೆಳಗೆ ಕೂರುತ್ತೆ. ಮಗು ಆದ್ಮೇಲೆ ಸ್ವಲ್ಪ ಜೋತುಬಿದ್ದಿರೋರಿಗೆ ಇದು ಒಳ್ಳೇದು. ಆದ್ರೆ ತೊಟ್ಟು ಸ್ತನದ ಕೆಳಗಿನ ಮಡಿಕೆಗಿಂತ ಕೆಳಗೆ ಇಳಿದಿದ್ರೆ ಬರೀ ಇಂಪ್ಲಾಂಟ್ ಸಾಲಲ್ಲ, ಸ್ತನ ಮೇಲೆತ್ತೋ ಲಿಫ್ಟ್ ಸರ್ಜರಿನೂ ಬೇಕಾಗುತ್ತೆ. ದೊಡ್ಡ ಸೈಜ್ ಹಾಕಿದ್ರೆ ಎತ್ತಿ ನಿಲ್ಲುತ್ತೆ ಅಂತ ಹೇಳೋರನ್ನ ನಂಬಬೇಡಿ, ಭಾರಕ್ಕೆ ಇನ್ನೂ ಇಳಿಯುತ್ತೆ.

ಮಸಲ್ ಮೇಲಿನ ತೆಳು ಪೊರೆ ಕೆಳಗೆ ಹಾಕೋ ಸಬ್‌ಫೇಶಿಯಲ್ ಅಂತಾನೂ ಇದೆ. ಮಸಲ್ ಬಿಗಿದಾಗ ಸರಿಯೋ ತೊಂದರೆ ಇದರಲ್ಲಿ ಕಮ್ಮಿ, ಆದ್ರೆ ಆ ಪೊರೆ ತೀರಾ ತೆಳು, ಸಣ್ಣಗಿರೋರಿಗೆ ಅಂಚು ಮುಚ್ಚೋಕೆ ಅದೊಂದೇ ಸಾಕಾಗಲ್ಲ.

ಜಾಗದ ಜೊತೆ ಮೇಲ್ಮೈನೂ ಕೇಳಿ, ನಯನೋ ಒರಟೋ ಅಂತ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೂ ಲಿಂಫೋಮಾ ಅನ್ನೋ ಒಂದು ಅಪರೂಪದ ಕ್ಯಾನ್ಸರ್ಗೂ ಸಂಬಂಧ ಕಂಡು 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನ ಜಗತ್ತಿನಾದ್ಯಂತ ವಾಪಸ್ ತಗೊಂಡಿತು.

ಡಾಕ್ಟರ್‌ಗೆ ಪ್ಲಾಸ್ಟಿಕ್ ಸರ್ಜರೀಲಿ ಎಂ.ಸಿಎಚ್ ಅಥವಾ ಡಿಎನ್‌ಬಿ ಇದ್ಯಾ ನೋಡ್ಕೊಳ್ಳಿ, ಬರೀ ಕಾಸ್ಮೆಟಿಕ್ ಅನ್ನೋ ಬೋರ್ಡ್ ಸಾಲಲ್ಲ. ಪಿಂಚ್ ಟೆಸ್ಟ್ ನಂಬರ್ ಎಷ್ಟು ಬಂತು ಕೇಳಿ ಬರ್ಕೊಳ್ಳಿ. ನಿಮ್ಮಂಥದೇ ಮೈಕಟ್ಟಿನವರ ಫೋಟೋ ಕೇಳಿ, ಅದರಲ್ಲೂ ಮಸಲ್ ಬಿಗಿದಾಗ ಹೆಂಗೆ ಕಾಣುತ್ತೆ ಅನ್ನೋದು. ಸಿಗರೇಟ್ ಸೇದೋರು ಅದನ್ನ ಮುಚ್ಚಿಡಬೇಡಿ, ಗಾಯ ಮಾಯೋದು ತಡ ಆಗುತ್ತೆ.

ಸಿಲಿಕೋನ್ ಜೆಲ್ ತುಂಬಿದ ಇಂಪ್ಲಾಂಟ್ ಆದ್ರೆ ಒಳಗೇ ಒಡೆದ್ರೂ ಎಷ್ಟೋ ಸಲ ಗೊತ್ತಾಗಲ್ಲ, ಅದಕ್ಕೇ 5-6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅಂತ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತೆ. ಆ ಖರ್ಚನ್ನೂ ಈಗ್ಲೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಡಿಸ್ಚಾರ್ಜ್ ದಿನ ಸೀರಿಯಲ್ ನಂಬರ್ ಇರೋ ಇಂಪ್ಲಾಂಟ್ ಕಾರ್ಡ್ ಕೇಳಿ ಇಸ್ಕೊಂಡು, ಒಂದು ಫೋಟೋ ತೆಗೆದು ಮನೇಲಿ ನಂಬಿಕೆ ಇರೋರಿಗೆ ಕಳಿಸಿಡಿ.